ನಿಮಗಿದು ಗೊತ್ತೆ? ಡಿಎನ್‌ಎಗೆ ಅಂಟಿದ ಪ್ಲಾಟಿನಂ ಅಳೆಯಬಹುದು!

ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಕಿಮೋಥೆರಪಿಗೆಂದು ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಬಸ್ ಹತ್ತುವವರಿದ್ದಾರೆ. ಬಾಯಿ, ಗಂಟಲು, ಗರ್ಭಕೊರಳಿನ ಕ್ಯಾನ್ಸರ್‌ಗೆ ಕೊಡುವ ಮುಖ್ಯ ಔಷಧಗಳಲ್ಲಿ ಸಿಸ್‌ಪ್ಲಾಟಿನ್ ಒಂದು. ಒಡವೆ ಅಂಗಡಿಯಲ್ಲಿ ಸಿಗುವ ಪ್ಲಾಟಿನಂ ಲೋಹದ ಪರಮಾಣುವೇ ಇದರ ನಡುವೆ ಕೂತಿದೆ!

ಅದು ಡಿಎನ್‌ಎಯ ಅಕ್ಕಪಕ್ಕದ ಎರಡು ಗ್ವಾನಿನ್‌ಗಳನ್ನು ಹಿಡಿದು ಎಳೆಯನ್ನೇ ಬಾಗಿಸುತ್ತದೆ. ಜೀವಕೋಶ ಅದನ್ನು ಸರಿಪಡಿಸಿಕೊಳ್ಳಲಾಗದಿದ್ದರೆ ಸಾಯುತ್ತದೆ. ಹಾನಿ ಎಷ್ಟಾಗಿದೆ ಎಂದು ತಿಳಿಯುವುದು ಹೇಗೆ? ಮನುಷ್ಯನ ಡಿಎನ್‌ಎಯ ರಚನೆಯಲ್ಲಿ ಪ್ಲಾಟಿನಂ ಇಲ್ಲವೇ ಇಲ್ಲ. ಹಾಗಾಗಿ ರಕ್ತಕಣಗಳ ಡಿಎನ್‌ಎ ಬೇರ್ಪಡಿಸಿ, ಸಾವಿರಾರು ಡಿಗ್ರಿ ಬಿಸಿಯ ಪ್ಲಾಸ್ಮಾದಲ್ಲಿ ಅಯಾನುಗಳಾಗಿಸಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ 194, 195ರಂಥ ದ್ರವ್ಯರಾಶಿಯ ಪ್ಲಾಟಿನಂ ಅಯಾನುಗಳನ್ನು ಎಣಿಸುತ್ತಾರೆ. ಸಿಕ್ಕಿದ್ದೆಲ್ಲ ಔಷಧದಿಂದ ಬಂದದ್ದೇ.

ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇನ್ನೂ ಮುಂದೆ ಹೋದರು. ಸಿಸ್‌ಪ್ಲಾಟಿನ್‌ನಂಥದ್ದೇ ಪ್ಲಾಟಿನಂ ಔಷಧವಾದ ಕಾರ್ಬೋಪ್ಲಾಟಿನ್‌ಗೆ ವಿಕಿರಣಶೀಲ ಕಾರ್ಬನ್-14ರ ಗುರುತು ಹಚ್ಚಿ, ಚಿಕಿತ್ಸೆಗೆ ಮೊದಲೇ ಮಾಮೂಲಿ ಪ್ರಮಾಣದ ಸುಮಾರು ನೂರನೇ ಒಂದು ಭಾಗವನ್ನಷ್ಟೇ ರೋಗಿಗೆ ಕೊಟ್ಟು, ಡಿಎನ್‌ಎಗೆ ಅಂಟಿದ್ದನ್ನು ಅಳೆದರು. ಔಷಧ ಯಾರಿಗೆ ಫಲಿಸೀತು ಎಂಬುದನ್ನು ಮೊದಲೇ ತಿಳಿಯುವುದು ಗುರಿ. ವ್ಯರ್ಥ ಕಿಮೋದ ವಾಂತಿ, ಸುಸ್ತು, ಕಿಡ್ನಿ ತೊಂದರೆ ತಪ್ಪಿಸಬಲ್ಲ ಈ ಪರೀಕ್ಷೆ ಇನ್ನೂ ಸಂಶೋಧನೆಯ ಹಂತದಲ್ಲಿದೆ.