ಮುಂಗಡ ಕೊಟ್ಟ ನೂರಹತ್ತು ಮಂದಿ

ತುಮಕೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವಾಗ ಪಾತ್ರಧಾರಿಗಳೇ ದುಡ್ಡು ಹಾಕಿಕೊಳ್ಳುತ್ತಾರೆ. ದುರ್ಯೋಧನ ಆಗಬೇಕೆಂದರೆ ಜೇಬು ತುಸು ಹೆಚ್ಚೇ ಬಿಚ್ಚಬೇಕು. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ ಮುಂಗಡ ಹೋಗುವುದು ಆ ಹಣದಿಂದಲೇ. ನಾಟಕ ಕಳೆಕಟ್ಟುತ್ತದೋ ಇಲ್ಲವೋ, ಅದು ಆಮೇಲಿನ ಮಾತು.

ಸಿನಿಮಾ ಮಂದಿಗೆ ಅಂಥ ಮುಂಗಡ ಸಿಗುವುದು ಕಷ್ಟ, ಅದರಲ್ಲೂ ಕಥೆ ಹೊಸ ಥರದ್ದಾಗಿದ್ದರೆ. 'ಲೈಫು ಇಷ್ಟೇನೆ' (2011) ಮಾಡಿದ್ದ ಪವನ್ ಕುಮಾರ್ 'ಲೂಸಿಯಾ' ಕಥೆ ಹಿಡಿದು ಅಲೆದಾಗ ನಿರ್ಮಾಪಕರು ಸಿಗಲಿಲ್ಲ. ಕಥೆಯಾದರೂ ಎಂಥದ್ದು? ಹಳೇ ಟಾಕೀಸಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗ ನಿಕ್ಕಿಗೆ ನಿದ್ದೆಯಿಲ್ಲ. ಮಾತ್ರೆ ನುಂಗಿ ಮಲಗಿದರೆ ಕನಸಿನಲ್ಲಿ ಅವನೇ ದೊಡ್ಡ ಸ್ಟಾರ್. ಆ ಬದುಕು ಮಾತ್ರ ಕಪ್ಪು-ಬಿಳುಪು. ಗಾಂಧಿನಗರದಲ್ಲಿ ಇದನ್ನು ಒಂದು ಕಾಫಿ ಮುಗಿಯುವುದರೊಳಗೆ ಹೇಳಿ ಒಪ್ಪಿಸಿ, ನೋಡೋಣ!

ಪವನ್ ಅಂತರ್ಜಾಲದಲ್ಲಿ ಜನರನ್ನೇ ಕೇಳಿದರು. 27 ದಿನದಲ್ಲಿ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಬಂತು. ಫೋಟೊ ತೆಗೆಯುವ ಕ್ಯಾನನ್ 5ಡಿ ಕ್ಯಾಮೆರಾದಲ್ಲೇ ಚಿತ್ರೀಕರಣ. ನಾಯಕ, ರಂಗಭೂಮಿಯಿಂದ ಬಂದ ಸತೀಶ್ ನೀನಾಸಂ. 2013ರ ಜುಲೈನಲ್ಲಿ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚಿನ ಚಿತ್ರವೆಂಬ ಪ್ರಶಸ್ತಿ; ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ತೆರೆಗೆ. ಎರಡು ವರ್ಷಕ್ಕೆ ತಮಿಳಿನಲ್ಲಿ 'ಎನಕ್ಕುಳ್ ಒರುವನ್' ಕೂಡ ಆಯಿತು.

ಹಾಗೆಂದು ಎಲ್ಲರೂ ಹೀಗೆ ಚಂದಾ ಎತ್ತಲಿ ಅನ್ನುವುದು ನ್ಯಾಯವಲ್ಲ. ಕೇಳುವ ಧೈರ್ಯ, ಒಂದಿಷ್ಟು ಹೆಸರು ಪವನ್‌ಗೆ ಆಗಲೇ ಇತ್ತು. ಏನೂ ಇಲ್ಲದ ಹುಡುಗಿಯೊಬ್ಬಳು ಚಿತ್ರಕಥೆ ಬರೆದುಕೊಂಡು ಕೂತಿದ್ದರೆ? ಸರ್ಕಾರದ ಸಹಾಯಧನ ಅವಳ ಹತ್ತಿರ ಬರುವುದು ಸಿನಿಮಾ ಮುಗಿದ ಮೇಲೆ, ಸಮಿತಿ ನೋಡಿ ಮೆಚ್ಚಿದ ಮೇಲೆ. ಸಾಲ ಮಾಡಿದವರಿಗೆ ಅದು ದೊಡ್ಡ ಆಸರೆಯೇ, ಒಪ್ಪೋಣ. ಆದರೆ ಸಾಲವೂ ಹುಟ್ಟದವಳಿಗೆ? ಹಿಂದೆ ಕೇಂದ್ರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಮೊದಲೇ ಸಾಲ ಕೊಟ್ಟಿದ್ದರಿಂದಲೇ ಮೃಣಾಲ್ ಸೇನ್ ಅವರ 'ಭುವನ್ ಶೋಮ್' (1969) ಆದದ್ದು.

ಜನರೇ ಹಣ ಹಾಕುವುದರಲ್ಲಿ ಗುಜರಾತಿನ ಹಾಲು ಉತ್ಪಾದಕರು ಎಲ್ಲರಿಗಿಂತ ಮುಂದೆ. ನಮ್ಮ ಗಿರೀಶ ಕಾರ್ನಾಡರು ಪಶುವೈದ್ಯನಾಗಿ ನಟಿಸಿದ, ಶ್ಯಾಮ್ ಬೆನೆಗಲ್ ಅವರ 'ಮಂಥನ್' (1976) ಚಿತ್ರಕ್ಕೆ ಐದು ಲಕ್ಷ ರೈತರು ತಲೆಗೆ ಎರಡೆರಡು ರೂಪಾಯಿ ಕೊಟ್ಟರು. ಬಿಡುಗಡೆಯಾದಾಗ ಲಾರಿ ತುಂಬಿಕೊಂಡು ಟಾಕೀಸಿಗೆ ಬಂದರು, ತಮ್ಮದೇ ಸಿನಿಮಾ ನೋಡಲು.