ನಲ್ಲಿ ನೀರು ತಿಳಿಯಾಗಿದ್ರೆ ಸಾಕಾ?

ತಿಳಿಯಾದ ನೀರೆಲ್ಲ ಒಳ್ಳೇದಲ್ಲ. ಕಣ್ಣಿಗೆ ಕಾಣದ ಎರಡು ಶತ್ರುಗಳು ಅದರಲ್ಲಿ ಇರಬಹುದು.

ಒಂದು, ರೋಗಾಣು. ಒಡೆದ ಪೈಪಿಗೆ ಚರಂಡಿ ನೀರು ಸೇರಿದರೆ ವಾಂತಿ-ಭೇದಿ, ಕಾಮಾಲೆ, ಟೈಫಾಯಿಡ್ ಬರುತ್ತವೆ. ಅದಕ್ಕೇ ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕೋದು. ಹಾಕಿ ಅರ್ಧ ಗಂಟೆಯಾದ ಮೇಲೆಯೇ ನೀರು ಬಿಡಬೇಕು. ಕುದಿಸಿದರೂ ರೋಗಾಣು ಸಾಯುತ್ತವೆ.

ಇನ್ನೊಂದು, ಫ್ಲೋರೈಡ್. ನಮ್ಮ ಪಾವಗಡ ತಾಲ್ಲೂಕಿನ ಬೋರ್‌ವೆಲ್‌ಗಳಿಗೆ ಇದೇ ದೊಡ್ಡ ಕಾಟ. ನೆಲದೊಳಗಿನ ಬಂಡೆಯಿಂದ ಕರಗಿ ನೀರಿಗೆ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದು. ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನಲ್ಲಿ ಕಂದು ಕಲೆ ಬೀಳುತ್ತದೆ. ಫ್ಲೋರೈಡ್ ತುಂಬಾ ಜಾಸ್ತಿಯಿದ್ದರೆ ವರ್ಷಗಳು ಕಳೆದಂತೆ ಮೂಳೆ, ಕೀಲು ಬಿಗಿಯುತ್ತವೆ. ನನ್ನ ಹಲ್ಲೂ ಹಾಗೇ ಇದೆ. ಅದು ಉಜ್ಜಿದರೆ ಹೋಗೋ ಕಲೆ ಅಲ್ಲ. ಆದ್ದರಿಂದ ಯಾರನ್ನೂ ‘ಹಲ್ಲುಜ್ಜಲ್ವಾ?’ ಅಂತ ಆಡಿಕೊಳ್ಳಬೇಡಿ.

ಫ್ಲೋರೈಡ್ ಬ್ಲೀಚಿಂಗ್‌ಗೆ ಹೋಗಲ್ಲ. ಕುದಿಸಿದರೆ ನೀರು ಆವಿಯಾಗಿ, ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ! ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ನಲ್ಲಿ ನೀರು ಸ್ನಾನಕ್ಕೆ, ಬಟ್ಟೆಗೆ ಇರಲಿ. ಎಂಟು ವರ್ಷದೊಳಗೆ ಹಲ್ಲು ರೂಪುಗೊಳ್ಳುವುದರಿಂದ ತಮ್ಮ-ತಂಗಿಯರಿಗೆ ಇದು ಬಹಳ ಮುಖ್ಯ.

ನೀರು ಪರೀಕ್ಷೆ ಮಾಡಿಸಿ ಅಂತ ಪಂಚಾಯ್ತಿಯಲ್ಲಿ ಎಲ್ಲರೂ ಸೇರಿ ಕೇಳೋಣ.