ಬಾಗಿಲು, ಮೆಟ್ಟಿಲು, ಚಿಂದಿ ಗಾಡಿ: ಪ್ಯಾರಿಸ್ ಮಾರಿ ಬದುಕಿದ ಫೋಟೋಗ್ರಾಫರ್

ಹೋದ ವಾರ ನನ್ನ ಫೋನಲ್ಲಿ ಸ್ಟೋರೇಜ್ ಫುಲ್ ಆಯ್ತು. ಬಸ್ಸಲ್ಲಿ ಕೂತ್ಕೊಂಡು ಡಿಲೀಟ್ ಮಾಡ್ತಾ ಹೋದೆ. ಮೊದಲು ಹೋಗಿದ್ದು ಯಾವುದು ಗೊತ್ತಾ? ನಮ್ಮ ರಸ್ತೆ ತಿರುವಿನ ದಿನಸಿ ಅಂಗಡಿ, ಪಕ್ಕದಲ್ಲೊಂದು ಕರೆಂಟ್ ಕಂಬ, ಯಾರದೋ ಸ್ಕೂಟರ್. ಯಾಕೆ ತೆಗೆದಿದ್ದೆ ಅನ್ನೋದೇ ನೆನಪಿಲ್ಲ. ಮಸಾಲೆ ದೋಸೆ ಫೋಟೋಗಳು ಮಾತ್ರ ಹಾಗೇ ಉಳಿದವು. ಮನೆ ಹತ್ರ ಇಳಿದಾಗ ಹೊಳೀತು, ಆ ಅಂಗಡಿ ಈಗ ಇಲ್ಲವೇ ಇಲ್ಲ. ಟ್ರ್ಯಾಶ್ ಫೋಲ್ಡರ್‌ಗೆ ಹೋಗಿ ವಾಪಸ್ ತಂದುಕೊಂಡೆ.

ಇವತ್ತು ಮಾತಾಡೋದು ಇಂಥ 'ಬೇಡದ' ಫೋಟೋಗಳನ್ನೇ ಮೂವತ್ತು ವರ್ಷ ತೆಗೆದು, ಅದನ್ನೇ ಮಾರಿ ಬಾಡಿಗೆ ಕಟ್ಟಿದ ಒಬ್ಬರ ಬಗ್ಗೆ. ಊರು ಪ್ಯಾರಿಸ್, ಹೆಸರು ಯುಜೀನ್ ಅಟ್ಜೆ.

ಹುಟ್ಟಿದ್ದು 1857ರಲ್ಲಿ, ಬೋರ್ಡೋ ಹತ್ತಿರದ ಲಿಬೂರ್ನ್‌ನಲ್ಲಿ. ಚಿಕ್ಕ ವಯಸ್ಸಲ್ಲೇ ಅಪ್ಪ ಅಮ್ಮ ಇಬ್ಬರೂ ಇಲ್ಲ. ಹಡಗಿನಲ್ಲಿ ಕೆಲಸ ಮಾಡಿದರು, ಆಮೇಲೆ ನಾಟಕದ ಹುಚ್ಚು. ಪ್ಯಾರಿಸ್‌ನ ದೊಡ್ಡ ನಾಟಕ ಶಾಲೆಗೆ ಎರಡನೇ ಪ್ರಯತ್ನಕ್ಕೆ ಸೀಟು ಸಿಕ್ಕಿತು, ಆದರೆ ಅದೇ ಹೊತ್ತಿಗೆ ಕಡ್ಡಾಯ ಸೈನಿಕ ಸೇವೆ ಬೇರೆ. ಎರಡೂ ಸಂಭಾಳಿಸೋಕೆ ಆಗದೆ ಶಾಲೆಯಿಂದ ಹೊರಬಿದ್ದರು. ಊರೂರು ಸುತ್ತುವ ಕಂಪನಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡ್ತಿದ್ದಾಗ ಗಂಟಲು ಕೈಕೊಟ್ಟಿತು. ಮೂವತ್ತು ದಾಟಿದೆ, ಕೈಯಲ್ಲಿ ಕೆಲಸ ಇಲ್ಲ. ಕ್ಯಾಮೆರಾ ಹಿಡಿದಿದ್ದು ಆವಾಗ. ಅಂದ್ರೆ 'ಪ್ಯಾಶನ್' ಫಾಲೋ ಮಾಡಿದ್ದು ಮುಗಿದ ಮೇಲೆ, ಹೊಟ್ಟೆಪಾಡಿಗೆ.

ನಾನು ಬಿಕಾಂ ಓದಿದವನು, ಹಾಗಾಗಿ ನನಗೆ ಇಷ್ಟವಾಗಿದ್ದು ಅವರ ಬಿಸಿನೆಸ್. ಬೋರ್ಡ್ ಮೇಲೆ 'ಕಲಾವಿದರಿಗೆ ದಾಖಲೆಗಳು' ಅಂತ ಬರೆಸಿದ್ದರು. ಕಲೆ ಅಲ್ಲ, ದಾಖಲೆ. ಚಿತ್ರಕಾರರಿಗೆ ಒಂದು ಮರ ಬೇಕು, ರಂಗಸಜ್ಜಿಕೆ ಮಾಡೋರಿಗೆ ಹಳೇ ಮೆಟ್ಟಿಲು ಬೇಕು, ಕಬ್ಬಿಣದ ಕೆಲಸದವರಿಗೆ ಬಾಲ್ಕನಿ ಡಿಸೈನ್ ಬೇಕು. ಅಟ್ಜೆ ಆಲ್ಬಂ ಹಿಡಿದು ಅವರ ಬಾಗಿಲಿಗೇ ಹೋಗಿ ಪ್ರಿಂಟ್ ಮಾರ್ತಿದ್ದರು. ಇವತ್ತಿನ ಸ್ಟಾಕ್ ಫೋಟೋ ವ್ಯಾಪಾರ ಇದೆಯಲ್ಲ, ಹೆಚ್ಚು ಕಡಿಮೆ ಅದೇ.

1890ರ ದಶಕದ ಕೊನೆಗೆ ಈ ವ್ಯಾಪಾರಕ್ಕೆ ದೊಡ್ಡ ಗಿರಾಕಿ ಸಿಕ್ಕಿತು. ಯಾಕೆ ಅಂತ ಅರ್ಥ ಆಗಬೇಕಾದ್ರೆ ಸ್ವಲ್ಪ ಹಿಂದೆ ಹೋಗಬೇಕು. 1853ರಿಂದ 1870ರವರೆಗೆ ಓಸ್ಮಾನ್ ಅನ್ನೋ ಅಧಿಕಾರಿ ಪ್ಯಾರಿಸ್‌ನ ಇಕ್ಕಟ್ಟು ಗಲ್ಲಿಗಳನ್ನ ಒಡೆಸಿ ಅಗಲವಾದ ರಸ್ತೆಗಳನ್ನ ಮಾಡಿಸಿದ. ಇವತ್ತು ನಾವು ರೀಲ್ಸ್‌ನಲ್ಲಿ ನೋಡೋ ಪ್ಯಾರಿಸ್ ಬಹುಪಾಲು ಆ ಒಡೆತದ ಮೇಲೆ ಎದ್ದಿದ್ದು. ಆತ ಹೋದ ಮೇಲೂ ಒಡೆಯೋದು ನಿಲ್ಲಲಿಲ್ಲ. ಮೆಟ್ರೋ ಬಂತು, 1900ರಲ್ಲಿ ಮೊದಲ ಲೈನ್. ಉಳಿದಿರೋದೂ ಹೋಗುತ್ತಲ್ಲ ಅನ್ನೋ ಆತಂಕ ಜನಕ್ಕೆ ಶುರುವಾಯ್ತು. ಕಾರ್ನಾವಾಲೆ ಮ್ಯೂಸಿಯಂ, ನಗರದ ಇತಿಹಾಸ ಗ್ರಂಥಾಲಯ, ರಾಷ್ಟ್ರೀಯ ಗ್ರಂಥಾಲಯ, ಎಲ್ಲರೂ ಹಳೇ ಪ್ಯಾರಿಸ್‌ನ ಚಿತ್ರ ಕೊಳ್ಳೋಕೆ ನಿಂತರು. ಅಟ್ಜೆ ಹತ್ರ ಮಾಲು ಇತ್ತು.

ಹೇಗೆ ತೆಗೀತಿದ್ದರು? ಮರದ ದೊಡ್ಡ ಕ್ಯಾಮೆರಾ, ಟ್ರೈಪಾಡ್, 18×24 ಸೆಂಟಿಮೀಟರಿನ ಗಾಜಿನ ಪ್ಲೇಟುಗಳು. ಎಲ್ಲಾ ಸೇರಿ ಹತ್ತಿರ ಹತ್ತಿರ 20 ಕೆಜಿ. ಅದನ್ನ ಹೊತ್ಕೊಂಡು ಬೆಳಗಿನ ಜಾವವೇ ಹೊರಡೋರು. ಫಿಲ್ಟರ್ ಇಲ್ಲ, ಬರ್ಸ್ಟ್ ಮೋಡ್ ಇಲ್ಲ. ಒಂದು ಪ್ಲೇಟ್, ಒಂದು ಚಿತ್ರ, ಅಷ್ಟೇ. ಅವರ ಫೋಟೋಗಳಲ್ಲಿ ಬೀದಿಗಳು ಖಾಲಿ ಖಾಲಿ ಕಾಣೋದಕ್ಕೆ ಬೆಳಗಿನ ಹೊತ್ತು ಒಂದು ಕಾರಣ. ಇನ್ನೊಂದು ಕಾರಣ ಮಜವಾಗಿದೆ. ಬೆಳಕು ಒಳಗೆ ಬೀಳೋಕೆ ಲೆನ್ಸ್ ಅನ್ನ ಸೆಕೆಂಡುಗಟ್ಟಲೆ ತೆರೆದಿಡಬೇಕಿತ್ತು. ಆ ಹೊತ್ತಲ್ಲಿ ಯಾರಾದ್ರೂ ನಡ್ಕೊಂಡು ಹೋದರೆ ಪ್ಲೇಟ್ ಮೇಲೆ ಹೊಗೆ ಥರ ಒಂದು ಕಲೆ ಬೀಳುತ್ತೆ, ಇಲ್ಲಾ ಏನೂ ಬೀಳಲ್ಲ. ನಿಂತ ಕಟ್ಟಡ ಉಳೀತು, ನಡೆಯೋ ಮನುಷ್ಯ ಮಾಯ. ಕೆಲವು ಚಿತ್ರಗಳಲ್ಲಿ ಝೂಮ್ ಮಾಡಿದ್ರೆ ಹೋಟೆಲಿನ ಗಾಜಿನ ಬಾಗಿಲ ಹಿಂದೆ 'ಈ ಮನುಷ್ಯ ಏನ್ ಮಾಡ್ತಾ ಇದಾನೆ' ಅಂತ ಇಣುಕಿ ನೋಡೋ ಮುಖ ಸಿಗುತ್ತೆ. ನಿಂತು ನೋಡಿದ್ದಕ್ಕೇ ಆ ಮುಖ ಉಳಿದಿದೆ.

ಜನರನ್ನ ಅವರು ತೆಗೀಲಿಲ್ಲ ಅಂತಲ್ಲ. 1900ರ ಆಸುಪಾಸು ಬೀದಿ ಕಸುಬಿನವರ ಒಂದು ಸರಣಿಯನ್ನೇ ಮಾಡಿದರು. ಲ್ಯಾಂಪಿನ ಶೇಡ್ ಮಾರೋನು, ಬ್ರೆಡ್ ಹೊತ್ತು ತರೋ ಹೆಂಗಸು, ತಿರುಗಣೆ ವಾದ್ಯ ನುಡಿಸೋನು. ಆಮೇಲೆ ಇವು ಪೋಸ್ಟ್‌ಕಾರ್ಡ್ ಆಗಿಯೂ ಬಂದವು. 1912, 13ರ ಹೊತ್ತಿಗೆ ಊರಿನ ಕೋಟೆ ಗೋಡೆ ಆಚೆ, ಕಟ್ಟಡ ಕಟ್ಟಬಾರದು ಅಂತ ಖಾಲಿ ಬಿಟ್ಟಿದ್ದ ಪಟ್ಟಿಗೆ ಹೋದರು. ಅಲ್ಲಿ ಚಿಂದಿ ಆಯುವವರು ಗಾಡಿ, ತಗಡು, ಹಲಗೆ ಸೇರಿಸಿ ಮನೆ ಮಾಡ್ಕೊಂಡಿದ್ದರು. ಬಾಗಿಲ ಮುಂದೆ ಹೆಂಗಸರು, ಮಕ್ಕಳು, ಸುತ್ತ ಚಿಂದಿ ರಾಶಿ. ನನಗೆ ಅವರ ಕೆಲಸದಲ್ಲಿ ಬಹಳ ತಟ್ಟೋದು ಇವೇ. ಹಳೇ ಪ್ಯಾರಿಸ್ ಉಳಿಸಬೇಕು ಅಂತ ಕೊರಗುತ್ತಿದ್ದವರಿಗೆ ಕೆತ್ತನೆ ಬಾಗಿಲು ಬೇಕಿತ್ತು. ಆ ಬಾಗಿಲ ಹಿಂದೆ ಬಾಡಿಗೆಗೆ ಇದ್ದವರು ಎಲ್ಲಿಗೆ ಹೋದರು ಅನ್ನೋದು ಯಾರ ಲೆಕ್ಕದಲ್ಲೂ ಇರಲಿಲ್ಲ. ಅಟ್ಜೆ ಆ ಎರಡನ್ನೂ ಅದೇ ಕ್ಯಾಮೆರಾದಲ್ಲಿ, ಅದೇ ಗಮನದಿಂದ ತೆಗೆದರು. ಒಂದು ತಕರಾರು ಇದೆ. ಬೀದಿ ಹೆಸರು ನಮೂದಾಗಿದೆ, ಆ ಮಕ್ಕಳ ಹೆಸರು ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲ ಮಹಾಯುದ್ಧದಲ್ಲಿ ವ್ಯಾಪಾರ ಬಿದ್ದುಹೋಯ್ತು. 1920ರಲ್ಲಿ, ಅರವತ್ತು ದಾಟಿದ ಅಟ್ಜೆ ಸರ್ಕಾರಕ್ಕೇ ಪತ್ರ ಬರೆದರು: ಇಷ್ಟು ವರ್ಷ ಕೂಡಿಟ್ಟಿದ್ದೀನಿ, ನನಗೆ ವಯಸ್ಸಾಯ್ತು, ನನ್ನ ನಂತರ ಇದು ಹಾಳಾಗಬಾರದು ಅನ್ನೋ ಧಾಟಿಯಲ್ಲಿ. ಸರ್ಕಾರ 2,600ಕ್ಕೂ ಹೆಚ್ಚು ನೆಗೆಟಿವ್‌ಗಳನ್ನ 10,000 ಫ್ರಾಂಕ್‌ಗೆ ಕೊಂಡಿತು. ಭಾಗಾಕಾರ ಮಾಡಿ ನೋಡಿ, ಒಂದಕ್ಕೆ ನಾಲ್ಕು ಫ್ರಾಂಕ್ ಕೂಡ ಬೀಳಲ್ಲ. ಪ್ರಿಂಟ್ ಮಾರಿದ್ರೆ ನೆಗೆಟಿವ್ ನಿಮ್ಮ ಹತ್ರಾನೇ ಇರುತ್ತೆ, ನಾಳೆ ಇನ್ನೊಂದು ಪ್ರಿಂಟ್ ತೆಗೀಬಹುದು. ನೆಗೆಟಿವ್ ಕೊಟ್ರೆ ಆ ಆದಾಯದ ಮೂಲವೇ ಹೋಯ್ತು. ಗೊತ್ತಿದ್ದೇ ಕೊಟ್ಟರು.

ಆದ್ರೆ ಆ ದುಡ್ಡಿಂದ ಅವರಿಗೆ ಸ್ವಲ್ಪ ಉಸಿರಾಡೋಕೆ ಜಾಗ ಸಿಕ್ಕಿತು. ಗಿರಾಕಿಗೆ ಬೇಕಾದ್ದಕ್ಕಿಂತ ತಮಗೆ ಬೇಕಾದ್ದನ್ನ ತೆಗೆಯೋಕೆ ಶುರು ಮಾಡಿದರು. ಪಾಳುಬಿದ್ದ ಸೋ ಉದ್ಯಾನ, ಬಟ್ಟೆ ಅಂಗಡಿ ಗಾಜಿನಲ್ಲಿ ಬೊಂಬೆಗಳ ಜೊತೆ ಎದುರಿನ ಕಟ್ಟಡದ ನೆರಳು ಸೇರ್ಕೊಂಡಿರೋ ಚಿತ್ರಗಳು. ಅವರ ಅತ್ಯುತ್ತಮ ಕೆಲಸ ಈ ಕೊನೆ ವರ್ಷಗಳದ್ದೇ ಅನ್ನೋದು ನನ್ನ ಅಭಿಪ್ರಾಯ. ಅದೇ ಬೀದಿಯಲ್ಲಿದ್ದ ಕಲಾವಿದ ಮ್ಯಾನ್ ರೇ ಕೆಲವು ಚಿತ್ರಗಳನ್ನ ಕೊಂಡು, 1926ರಲ್ಲಿ ಸರ್ರಿಯಲಿಸ್ಟರ ಪತ್ರಿಕೆಯಲ್ಲಿ ಹಾಕಿಸಿದರು. ಅಟ್ಜೆ ಹೇಳಿದ್ದು, ನನ್ನ ಹೆಸರು ಹಾಕಬೇಡಿ, ಇವು ಬರೀ ದಾಖಲೆ.

ಮ್ಯಾನ್ ರೇ ಹತ್ರ ಸಹಾಯಕಿಯಾಗಿದ್ದವರು ಬೆರೆನಿಸ್ ಆ್ಯಬಟ್, ಅಮೆರಿಕದ ಹುಡುಗಿ. 1927ರಲ್ಲಿ ಅಟ್ಜೆ ಅವರನ್ನ ತನ್ನ ಸ್ಟುಡಿಯೋಗೆ ಕರೆಸಿ ಫೋಟೋ ತೆಗೆದರು. ಪ್ರಿಂಟ್ ಕೊಡೋಣ ಅಂತ ಮನೆಗೆ ಹೋದರೆ ಅಟ್ಜೆ ಇಲ್ಲ, ತೀರಿಕೊಂಡಿದ್ದರು. ಆ ವರ್ಷ ಆಗಸ್ಟ್ 4. ಜೊತೆಗಿದ್ದ ವಾಲೆಂಟೀನ್ ಅದರ ಹಿಂದಿನ ವರ್ಷವೇ ಹೋಗಿದ್ದರು. ಮನೆ ತುಂಬ ಗಾಜು, ಕಾಗದ. ಯಾರ ಪಾಲಿಗೆ?

ಆ್ಯಬಟ್ ಬಿಡಲಿಲ್ಲ. ಅಟ್ಜೆ ಗೆಳೆಯ ಕಾಲ್ಮೆತ್ ಅವರನ್ನ ಹುಡುಕಿ ಹಿಡಿದು, 1928ರಲ್ಲಿ ಸಾವಿರಕ್ಕೂ ಹೆಚ್ಚು ನೆಗೆಟಿವ್, ಸಾವಿರಾರು ಪ್ರಿಂಟ್ ಕೊಂಡರು. ಆಗ ಅವರಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ, ಕೈಯಲ್ಲಿ ದೊಡ್ಡ ದುಡ್ಡಿಲ್ಲ. ಅದನ್ನ ನ್ಯೂಯಾರ್ಕ್‌ಗೆ ತಂದು ನಲವತ್ತು ವರ್ಷ ಕಾದರು, ಪ್ರದರ್ಶನ ಮಾಡಿದರು, ಪುಸ್ತಕ ತಂದರು. 1968ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅದನ್ನ ಕೊಂಡಿತು. ಈ ನಡುವೆ ಆ್ಯಬಟ್ ತಾವೇ ಅಟ್ಜೆ ದಾರಿ ಹಿಡಿದು, ಗಗನಚುಂಬಿಗಳು ಏಳ್ತಿದ್ದ ನ್ಯೂಯಾರ್ಕನ್ನ ಬೀದಿ ಬೀದಿ ತೆಗೆದರು. ಅದು 1939ರಲ್ಲಿ 'ಚೇಂಜಿಂಗ್ ನ್ಯೂಯಾರ್ಕ್' ಅನ್ನೋ ಪುಸ್ತಕ ಆಯ್ತು.

ಈ ಫೋಟೋಗಳನ್ನ ನೋಡೋಕೆ ಪ್ಯಾರಿಸ್‌ಗೆ ಹೋಗಬೇಕಿಲ್ಲ. ಪ್ಯಾರಿಸ್ ನಗರದ ಮ್ಯೂಸಿಯಂಗಳು 2020ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನ ಉಚಿತವಾಗಿ ಬಿಟ್ಟವು, ಕಾರ್ನಾವಾಲೆಯಲ್ಲಿರೋ ಅಟ್ಜೆ ಚಿತ್ರಗಳೂ ಅದರಲ್ಲಿವೆ. 'ಪ್ಯಾರಿ ಮ್ಯೂಸೇ' ಅಂತ ಹುಡುಕಿ. ಫೋನಲ್ಲೇ ಡೌನ್‌ಲೋಡ್ ಆಗುತ್ತೆ. ಮೊದಲು ಚಿಂದಿ ಆಯುವವರ ಚಿತ್ರ ನೋಡಿ, ಆಮೇಲೆ ಹೋಟೆಲ್ ಬಾಗಿಲುಗಳು. ಗಾಜಿನ ಹಿಂದೆ ಮುಖ ಸಿಕ್ಕಿದ್ರೆ ಸ್ಕ್ರೀನ್‌ಶಾಟ್ ಕಳ್ಸಿ.